ಜಿಮ್‌ನಲ್ಲಿ ಸೌಲಭ್ಯ ಕಡಿತ: ಕಟ್ಟಿದ ಹಣ ಕೇಳುವ ಹಕ್ಕು ನಮಗಿದೆ

ಓದಿಗಾಗಿ, ಕೆಲಸಕ್ಕಾಗಿ ನಮ್ಮ ಕರಾವಳಿಯ ಮಕ್ಕಳು ಹುಬ್ಬಳ್ಳಿ ಸೇರುವುದು ಹೊಸತಲ್ಲ. ಅಂಥ ಒಬ್ಬ ಯುವಕ ಹಳೇ ಹುಬ್ಬಳ್ಳಿಯ ಒಂದು ಜಿಮ್‌ಗೆ ವರ್ಷದ ಸದಸ್ಯತ್ವವೆಂದು 12,000 ರೂಪಾಯಿ ಕಟ್ಟಿದ ಎಂದಿಟ್ಟುಕೊಳ್ಳೋಣ. ಸೇರುವಾಗ ತರಬೇತುದಾರರಿದ್ದಾರೆ, ಸ್ಟೀಮ್ ಬಾತ್ ಇದೆ, ಬೆಳಿಗ್ಗೆ 5ಕ್ಕೇ ತೆರೆಯುತ್ತೇವೆ ಎಂದಿದ್ದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ತರಬೇತುದಾರರು ಬಿಟ್ಟುಹೋದರು, ಸ್ಟೀಮ್ ಬಾತ್‌ಗೆ ಬೀಗ ಬಿತ್ತು, ಬೆಳಗಿನ ಹೊತ್ತು ಬಾಗಿಲೇ ತೆರೆಯುವುದಿಲ್ಲ. ಕೇಳಿದರೆ ರಸೀದಿಯ ಹಿಂಬದಿ ತೋರಿಸುತ್ತಾರೆ: ‘ಕಟ್ಟಿದ ಹಣ ವಾಪಸಿಲ್ಲ’.

ಹೆಚ್ಚಿನವರು ಇಲ್ಲಿಗೇ ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಒಪ್ಪಿಕೊಂಡ ಸೇವೆಯನ್ನು ಒಪ್ಪಿಕೊಂಡಂತೆ ಕೊಡದಿರುವುದು ಸೇವಾ ನ್ಯೂನತೆ. ನ್ಯೂನತೆಯಿರುವ ಸೇವೆಯನ್ನು ಹಿಂತೆಗೆದುಕೊಂಡು, ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲವಾದರೆ 30 ದಿನಗಳೊಳಗೆ, ಹಣ ಮರಳಿಸಲು ನಿರಾಕರಿಸುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ಲು ಕೊಡದಿರುವುದೂ ಹಾಗೆಯೇ. ಆದ್ದರಿಂದ ರಸೀದಿಯಲ್ಲಿ ಒಂದು ಸಾಲು ಅಚ್ಚಾದ ಮಾತ್ರಕ್ಕೆ ಮಾತು ಮುಗಿಯಲಿಲ್ಲ. ಮೇಲಿನ ಯುವಕ ಉಳಿದ ಎಂಟು ತಿಂಗಳ ಪಾಲಾದ 8,000 ರೂಪಾಯಿಯನ್ನೂ, ಆದ ತೊಂದರೆಗೆ ಪರಿಹಾರವನ್ನೂ ಕೇಳಬಹುದು. ಎಷ್ಟು ಸಿಗಬೇಕೆಂದು ತೀರ್ಮಾನಿಸುವುದು ಆಯೋಗ.

ಒಂದು ಮಾತು ನೇರವಾಗಿ ಹೇಳಬೇಕು. ಜನವರಿಯಲ್ಲಿ ಹುರುಪಿನಿಂದ ಸೇರಿ ಫೆಬ್ರವರಿಯಲ್ಲಿ ಕೈಬಿಟ್ಟವರಿಗೆ ಈ ದಾರಿ ಅಲ್ಲ. ಜಿಮ್ ತನ್ನ ಮಾತಿನಂತೆ ನಡೆದಿದ್ದು, ನಾವೇ ಹೋಗದಿದ್ದರೆ ಅದು ನ್ಯೂನತೆಯಾಗದು.

ಮೊದಲು ಆಧಾರ ಕೂಡಿಡಬೇಕು. ರಸೀದಿ, ಸೇರುವಾಗ ಕೊಟ್ಟ ಕರಪತ್ರ, ವಾಟ್ಸಾಪ್ ಸಂದೇಶ, ಬೀಗ ಹಾಕಿದ ಕೋಣೆಯ ದಿನಾಂಕ ಸಹಿತ ಫೋಟೋ. ಬಾಯಿಮಾತಿನ ಭರವಸೆಯನ್ನು ಸಾಬೀತು ಮಾಡುವುದು ಕಷ್ಟ. ಆಮೇಲೆ ಏನೇನು ನಿಂತುಹೋಗಿದೆ, ಎಷ್ಟು ಹಣ ಬರಬೇಕು ಎಂದು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಉತ್ತರಕ್ಕೆ 15 ದಿನ ಕೊಡಬಹುದು. ಎಷ್ಟೋ ಪ್ರಕರಣಗಳು ಈ ಪತ್ರಕ್ಕೇ ಮುಗಿಯುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಅವರು ರಾಜಿ ಮಾಡಿಸಲು ಯತ್ನಿಸುತ್ತಾರೆಯೇ ಹೊರತು ಆದೇಶ ಕೊಡುವ ಅಧಿಕಾರ ಅವರಿಗಿಲ್ಲ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಹಳೇ ಹುಬ್ಬಳ್ಳಿ ಧಾರವಾಡ ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. ಆದರೆ ನಮ್ಮ ಓದುಗರು ಗಮನಿಸಬೇಕಾದದ್ದು ಇನ್ನೊಂದಿದೆ. 1986ರ ಹಳೆಯ ಕಾಯ್ದೆಯಲ್ಲಿ ಸಾಮಾನ್ಯವಾಗಿ ವ್ಯಾಪಾರಿ ಇದ್ದ ಕಡೆ ಅಥವಾ ವ್ಯವಹಾರ ನಡೆದ ಕಡೆ ದೂರು ಕೊಡಬೇಕಿತ್ತು. ಈಗ ದೂರುದಾರ ವಾಸವಿರುವ ಜಿಲ್ಲೆಯಲ್ಲೂ ಕೊಡಬಹುದು. ಹುಡುಗ ಓದು ಮುಗಿಸಿ ಊರಿಗೆ ಮರಳಿದ್ದರೆ ಉಡುಪಿಯಲ್ಲೋ ಕಾರವಾರದಲ್ಲೋ ದೂರು ದಾಖಲಿಸಲು ಅಡ್ಡಿಯಿಲ್ಲ. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಅನುಮತಿಯನ್ನೂ ಕೇಳಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಮೂರು ತಿಂಗಳಲ್ಲಿ ಇತ್ಯರ್ಥಕ್ಕೆ ಯತ್ನಿಸಬೇಕೆಂದು ಕಾಯ್ದೆಯಲ್ಲಿದೆ, ಆದರೆ ಅದಕ್ಕಿಂತ ತಡವಾಗುವುದು ಅಪರೂಪವೇನಲ್ಲ.

ಸೌಲಭ್ಯ ನಿಂತ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಕೆಯಾಗಬೇಕು. ಅರ್ಜಿ ಬರೆಯಲು ಕಷ್ಟಪಡುವ ಹೆತ್ತವರಿದ್ದರೆ ವಾಳೆಯ ಗುರಿಕಾರರು ಅಥವಾ ಯುವಜನರು ಕೈಜೋಡಿಸಬೇಕೆಂದು ಕೋರುತ್ತೇವೆ.