ಮಾತು ಹೊರಡದವರಿಗೆ ನಮ್ಮ ಬಾಗಿಲು ತೆರೆದಿದೆಯೇ?



ಪಾರ್ಶ್ವವಾಯು ಬಡಿದವರ ಆಸ್ಪತ್ರೆ ಖರ್ಚಿಗೆ ನಮ್ಮ ವೈದ್ಯಕೀಯ ನೆರವು ನಿಧಿಯಿಂದ ಸಹಾಯ ಮಾಡುತ್ತೇವೆ. ಅವರು ಮನೆಗೆ ಬಂದ ಮೇಲೆ ಹೋಗಿ ವಿಚಾರಿಸುವ ಕೆಲಸ ನನ್ನದು. ಕೈಕಾಲು ಸ್ವಾಧೀನಕ್ಕೆ ಬಂದರೂ ಕೆಲವರಿಗೆ ಮಾತು ಮರಳಿರುವುದಿಲ್ಲ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಭಾಷೆಯನ್ನು ನಡೆಸುವ ಮಿದುಳಿನ ಭಾಗಕ್ಕೆ, ಹೆಚ್ಚಿನವರಲ್ಲಿ ಎಡಭಾಗಕ್ಕೆ, ಪೆಟ್ಟಾದಾಗ ಹೀಗಾಗುತ್ತದೆ. ಬೇಕಾದ್ದು ಏನೆಂದು ಅವರಿಗೆ ಗೊತ್ತು. ಅದರ ಹೆಸರು ನಾಲಿಗೆಗೆ ಬರುವುದಿಲ್ಲ. ಕೆಲವರಿಗೆ ಕೇಳಿದ್ದು, ಓದಿದ್ದು ಅರ್ಥವಾಗಲೂ ಹೊತ್ತು ಹಿಡಿಯುತ್ತದೆ. ಬುದ್ಧಿ ಮಂಕಾಗಿದೆ, ಕಿವಿ ಕೇಳಿಸದು ಎಂದುಕೊಂಡು ಎದುರಿನವರು ಗಟ್ಟಿಯಾಗಿ ಕೂಗುತ್ತಾರೆ. ಅದರಿಂದ ಪ್ರಯೋಜನವಿಲ್ಲ.

ಪುಣೆಯಲ್ಲಿ ನಮ್ಮವರಿಗೆ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬ್ಯಾಂಕಿನಲ್ಲಿ ಹಿಂದಿ ಅಥವಾ ಇಂಗ್ಲಿಷ್. ಪಾರ್ಶ್ವವಾಯುವಿನ ನಂತರ ಎಲ್ಲ ಭಾಷೆಗಳೂ ಒಂದೇ ಸಮನೆ ಮರಳಬೇಕೆಂದಿಲ್ಲ. ಕನ್ನಡದಲ್ಲಿ ನಾಲ್ಕು ಮಾತು ಬಂದರೂ, ಔಷಧಿ ಅಂಗಡಿಯಲ್ಲಿ ಮರಾಠಿ ಹೊರಡದೆ ಬರಿಗೈಯಲ್ಲಿ ಹಿಂದಿರುಗಿದ ಹಿರಿಯರನ್ನು ನಾನು ಬಲ್ಲೆ. ಆಮೇಲೆ ಅವರು ಹೊರಗೆ ಹೋಗುವುದನ್ನೇ ಬಿಟ್ಟರು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಅಫೇಸಿಯಾದಿಂದ ಶಾಶ್ವತವಾಗಿ ಉಳಿದ ತೊಂದರೆ ಅದರಲ್ಲಿ ಸೇರುತ್ತದೆ. ಸೇವೆಗಳು ಇಂಥವರಿಗೂ ಎಟುಕುವಂತಿರಬೇಕೆಂಬ ಹೊಣೆಯನ್ನು ಕಾಯ್ದೆ ಖಾಸಗಿಯವರ ಮೇಲೂ ಹಾಕಿದೆ.

ಹೋಟೆಲು, ಅಂಗಡಿ, ಕ್ಲಿನಿಕ್ ನಡೆಸುವ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ:

1. ಜೊತೆಯಲ್ಲಿ ಬಂದವರನ್ನಲ್ಲ, ಅವರನ್ನೇ ನೋಡಿ ಮಾತನಾಡಿಸಿ.
2. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. "ಏನು ಬೇಕು?" ಎನ್ನುವ ಬದಲು "ಕಾಫಿ ಬೇಕೇ?" ಎಂದರೆ ತಲೆಯಾಡಿಸಿ ಉತ್ತರಿಸಬಹುದು.
3. ಉತ್ತರಕ್ಕೆ ಕಾಯಿರಿ. ಅವರ ಮಾತನ್ನು ನೀವೇ ಮುಗಿಸಬೇಡಿ.
4. ಗಲ್ಲಾದ ಬಳಿ ಪೆನ್ನು, ಕಾಗದ, ಚಿತ್ರಗಳಿರುವ ಒಂದು ಹಾಳೆ ಇಡಿ. ದರವನ್ನು ಬರೆದು ತೋರಿಸಿ.
5. ಅರ್ಥವಾಗದಿದ್ದರೆ ಆಯಿತೆಂದು ನಟಿಸದೆ ಮತ್ತೊಮ್ಮೆ ಕೇಳಿ.

ದಾನಿಗಳಲ್ಲಿ ಇನ್ನೊಂದು ಮಾತು. ಆಸ್ಪತ್ರೆಯ ಬಿಲ್ಲು ಒಮ್ಮೆಗೆ ಮುಗಿಯುತ್ತದೆ; ವಾಕ್ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬೇಕು. ಹಣವಿಲ್ಲದೆ ಮನೆಯವರು ಮೊದಲು ನಿಲ್ಲಿಸುವುದು ಅದನ್ನೇ. ತಾವು ಕೊಡುವ ನೆರವು ಈ ಚಿಕಿತ್ಸೆಗೂ, ಕನ್ನಡ–ಮರಾಠಿ ಚಿತ್ರಹಾಳೆಗಳ ಮುದ್ರಣಕ್ಕೂ ಸಲ್ಲುತ್ತದೆ. ಹಣ ಕೊಡಲಾಗದವರು ವಾರಕ್ಕೊಂದು ಗಂಟೆ ಇಂಥವರ ಜೊತೆ ಕುಳಿತು ಕನ್ನಡದಲ್ಲಿ ಮಾತನಾಡಿದರೆ ಅದೂ ದೊಡ್ಡ ಉಪಕಾರವೇ.