ತಪ್ಪು ಉತ್ತರದೊಳಗಿನ ಲೆಕ್ಕ

ಐವತ್ತೆರಡರಲ್ಲಿ ಇಪ್ಪತ್ತೇಳನ್ನು ಕಳೆದರೆ ಎಷ್ಟು? ಕೆಲವು ವರ್ಷಗಳ ಹಿಂದೆ ಶಾಲಾ ಪಾಠದ ಚಿತ್ರೀಕರಣವೊಂದರಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ಕಪ್ಪು ಹಲಗೆಯ ಮೇಲೆ 35 ಎಂದು ಬರೆದಳು. ತರಗತಿ ನಕ್ಕಿತು. ತಪ್ಪು ಉತ್ತರ ತೆರೆಯ ಮೇಲೆ ಬರಬಾರದೆಂದು ನಾನೇ ಕ್ಯಾಮೆರಾ ನಿಲ್ಲಿಸಿದೆ. ಇನ್ನೊಬ್ಬ ಹುಡುಗನಿಂದ 25 ಎಂದು ಬರೆಸಿ ಮುಂದುವರಿದೆವು. ಸಂಜೆಯವರೆಗೂ ಆಕೆ ಮತ್ತೆ ಕೈ ಎತ್ತಲಿಲ್ಲ.

ಆ ಉತ್ತರ ಬರಿಯ ಊಹೆಯಲ್ಲವೆಂದು ನನಗೆ ಹೊಳೆದದ್ದು ಎಡಿಟಿಂಗ್ ಕೊಠಡಿಯಲ್ಲಿ. 'ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು' ಎಂದು ಒಂದನೆಯ ತರಗತಿಯಿಂದಲೇ ಹೇಳಿಕೊಟ್ಟಿರುತ್ತೇವೆ. ಆಕೆ ಬಿಡಿಸ್ಥಾನದ 7ರಲ್ಲಿ 2 ಕಳೆದು 5 ಬರೆದಳು. ಹತ್ತರ ಸ್ಥಾನದ 5ರಲ್ಲಿ 2 ಕಳೆದು 3 ಬರೆದಳು. ನಿಯಮ ನಾವು ಕೊಟ್ಟದ್ದೇ! ಇಂಥ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಅದೇ ತಪ್ಪನ್ನು ಇಪ್ಪತ್ತು ಬಾರಿ ಗಟ್ಟಿ ಮಾಡಿಸಿದಂತಾಗುತ್ತದೆ.

ಇದಕ್ಕೆ ಮದ್ದೆಂದು ನಾವು ಹೇಳುವ ಮಾತು, 'ಪಕ್ಕದಿಂದ ಸಾಲ ತಗೋ'. ಸಾಲವೆಂದರೆ ಹಿಂದಿರುಗಿಸಬೇಕಲ್ಲವೆ? ಇಲ್ಲಿ ಯಾರೂ ಹಿಂದಿರುಗಿಸುವುದಿಲ್ಲ. ಒಂದು ಸಾಲ ತಂದರೆ ಅದು ಹತ್ತು ಹೇಗಾಯಿತು? ಮಗು ಕೇಳುವುದಿಲ್ಲ, ನಂಬಿಬಿಡುತ್ತದೆ.

ನನ್ನ ಮಟ್ಟಿಗೆ ಅಂಗಡಿಯ ಮಾತೇ ಸರಿ: ಚಿಲ್ಲರೆ ಮಾಡಿಸುವುದು. ಕೈಯಲ್ಲಿ ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಇವೆ. ಇಪ್ಪತ್ತೇಳು ರೂಪಾಯಿ ಕೊಡಬೇಕು. ಎರಡು ನೋಟು ಕೊಟ್ಟಾಯಿತು, ಏಳಕ್ಕೆ ಚಿಲ್ಲರೆಯಿಲ್ಲ. ಉಳಿದ ಮೂರರಲ್ಲಿ ಒಂದು ನೋಟನ್ನು ಮುರಿಸಿದರೆ ಒಟ್ಟು ಹನ್ನೆರಡು ನಾಣ್ಯ. ಏಳು ಕೊಟ್ಟರೆ ಉಳಿದದ್ದು ಎರಡು ನೋಟು, ಐದು ನಾಣ್ಯ. ನಾಣ್ಯವಿಲ್ಲದಿದ್ದರೆ ಪೊರಕೆ ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿಕೊಳ್ಳಿ. ಕಟ್ಟು ಬಿಚ್ಚಿದಾಗ ಹತ್ತು ಕಡ್ಡಿಗಳು ಮಗುವಿನ ಕಣ್ಣೆದುರಿಗೇ ಬೀಳುತ್ತವೆ. ನಮ್ಮ ನುಡಿಯೂ ನೆರವಿಗಿದೆ: ಐವತ್ತು ಎಂದರೆ ಐದು ಹತ್ತು, ಮೂವತ್ತು ಎಂದರೆ ಮೂರು ಹತ್ತು.

ಇದೇನೂ ಹೊಸ ವಿಚಾರವಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಮಕ್ಕಳು ತಾವೇ ಮಾಡಿ ಕಲಿಯುವುದಕ್ಕೆ ಒತ್ತು ಕೊಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಆಲೋಚನೆಯನ್ನೇ ಗಣಿತದ ದಾರಿಗೆ ತರುವುದು ಮುಖ್ಯ ಗುರಿ ಎಂದಿತು. ಆದರೆ ಕಡ್ಡಿ, ಮಣಿಗಳು ಬೀರುವಿನೊಳಗೇ ಇದ್ದರೆ ಏನು ಪ್ರಯೋಜನ?

ಮನೆಯಲ್ಲಿ ತಂದೆತಾಯಿಗಳು ಮಾಡಬಹುದಾದ ಕೆಲಸವೊಂದಿದೆ. ಉತ್ತರ ನೋಡಿದೊಡನೆ ಸರಿ, ತಪ್ಪು ಎನ್ನುವ ಮೊದಲು, 'ಹೇಗೆ ಮಾಡಿದೆ, ಹೇಳು ಪುಟ್ಟಾ' ಎಂದು ಕೇಳಿ. ಉತ್ತರ ಸರಿಯಿದ್ದಾಗಲೂ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ, ಪ್ರಶ್ನೆ ಕಿವಿಗೆ ಬಿದ್ದೊಡನೆ ಮಗು ರಬ್ಬರಿಗೆ ಕೈ ಹಾಕುತ್ತದೆ.