ಗುರುವೋ, ಅಧೀನನೋ? — ಚೀನಾ ದೇಶದ ಪರರಾಷ್ಟ್ರನೀತಿಯೂ ಪೂರ್ವಪಶ್ಚಿಮ ದೃಷ್ಟಿಗಳೂ

ಒಂದು ರಾಜ್ಯವು ಮತ್ತೊಂದು ರಾಜ್ಯದೊಡನೆ ಹೇಗೆ ನಡೆದುಕೊಳ್ಳಬೇಕೆಂಬುದು ದೂರದ ರಾಜಧಾನಿಗಳಲ್ಲಿ ಮಂತ್ರಿಗಳು ಚರ್ಚಿಸತಕ್ಕ ವಿಷಯವೆಂದೂ, ಅಡಕೆಯ ತೋಟಗಳ ನಡುವೆ ಸಂಸಾರ ಸಾಗಿಸುವವರಿಗೆ ಅದರಿಂದ ಆಗಬೇಕಾದುದೇನೂ ಇಲ್ಲವೆಂದೂ ಅನೇಕರು ಭಾವಿಸುತ್ತಾರೆ. ಆದರೆ ಚೀನಾ ದೇಶದ ಪರರಾಷ್ಟ್ರನೀತಿಯಲ್ಲಿ ಬಹುಕಾಲದಿಂದ ಉಳಿದಿರುವ ಒಂದು ತೊಡಕನ್ನು ಅರಿಯಲು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಇರುವಷ್ಟು ಅನುಕೂಲವು ಬೇರೆಯವರಿಗೆ ಇರಲಾರದು. ಅದು ಹೇಗೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಈ ಮೂರು ತಾಲ್ಲೂಕುಗಳಲ್ಲಿಯೂ ಪ್ರಾಚೀನವಾದ ಗುರುಪೀಠಗಳುಂಟು. ತುಂಗಾತೀರದಲ್ಲಿ ಶೃಂಗೇರಿಯೂ, ಕೊಪ್ಪ ತಾಲ್ಲೂಕಿನಲ್ಲಿ ಹರಿಹರಪುರವೂ, ನರಸಿಂಹರಾಜಪುರ ತಾಲ್ಲೂಕಿನಲ್ಲಿ ಬಾಳೆಹೊನ್ನೂರೂ ಇವೆ. 1346ರಲ್ಲಿ ವಿಜಯನಗರದ ಹರಿಹರನು ತಮ್ಮಂದಿರೊಡನೆ ಶೃಂಗೇರಿಗೆ ಬಂದು ಭೂದಾನ ಮಾಡಿದನೆಂದು ಅಲ್ಲಿಯ ಶಾಸನವು ಹೇಳುತ್ತದೆ. ಕೆಳದಿಯ ಅರಸರೂ ಮೈಸೂರಿನ ಒಡೆಯರೂ ಆ ಪೀಠವನ್ನು ಗೌರವಿಸಿದರು. 1791ರಲ್ಲಿ ಮರಾಠಾ ದಂಡಿನವರು ಮಠವನ್ನು ಸೂರೆಗೊಂಡಾಗ ಟಿಪ್ಪು ಸುಲ್ತಾನನು ಗುರುಗಳಿಗೆ ವಿನಯಪೂರ್ವಕವಾಗಿ ಪತ್ರಗಳನ್ನು ಬರೆಯಿಸಿ, ವಿಗ್ರಹದ ಪುನಃಪ್ರತಿಷ್ಠೆಗೆ ಧನಸಹಾಯವನ್ನು ಕಳುಹಿಸಿದನು. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು.

ಈಗ ಈ ಸಂಬಂಧಕ್ಕೆ ಯಾವ ಹೆಸರಿಡೋಣ? ಅರಸನು ಗುರುವಿಗೆ ತಲೆಬಾಗಿದುದರಿಂದ ಗುರುವು ರಾಜ್ಯದ ಒಡೆಯನಾದನೇ? ಅರಸನು ಭೂಮಿ ಕೊಟ್ಟು ಕಾಪಾಡಿದುದರಿಂದ ಗುರುವು ಅರಸನ ಅಧೀನನಾದನೇ? ಎರಡೂ ಅಲ್ಲವೆಂದು ಮಲೆನಾಡಿನವರು ಸಹಜವಾಗಿ ಹೇಳುವರು. ಒಬ್ಬನು ರಕ್ಷಣೆಯನ್ನು ಕೊಡುತ್ತಾನೆ, ಇನ್ನೊಬ್ಬನು ಆಶೀರ್ವಾದವನ್ನು ಕೊಡುತ್ತಾನೆ. ಯಾರು ಮೇಲು, ಯಾರು ಕೀಳು ಎಂಬ ಪ್ರಶ್ನೆಯನ್ನು ಇಬ್ಬರೂ ಎತ್ತದೆ ಇರುವುದರಲ್ಲಿಯೇ ಆ ಸಂಬಂಧದ ಬಾಳಿಕೆಯಿದೆ.

ಚೀನಾದ ಚಕ್ರವರ್ತಿಗಳಿಗೂ ಟಿಬೆಟ್ಟಿನ ದಲಾಯಿ ಲಾಮಾಗಳಿಗೂ ಇದ್ದ ಸಂಬಂಧವು ಬಹುಮಟ್ಟಿಗೆ ಇದೇ ಜಾತಿಯದು. ಐದನೆಯ ದಲಾಯಿ ಲಾಮಾ 1652ರಲ್ಲಿ ಲಾಸಾದಿಂದ ಹೊರಟು ಪೀಕಿಂಗಿಗೆ ಹೋದಾಗ ಚಕ್ರವರ್ತಿಯು ಅವರನ್ನು ಮಹಾವೈಭವದಿಂದ ಸತ್ಕರಿಸಿ ಬಿರುದನ್ನಿತ್ತನು. ಶಿಷ್ಯನು ಗುರುವನ್ನು ಪೂಜಿಸಿದನೆಂದು ಟಿಬೆಟ್ಟಿನವರೂ, ಪ್ರಭುವು ಅಧೀನನಿಗೆ ಪದವಿ ಕೊಟ್ಟನೆಂದು ಚೀನೀಯರೂ ಅದೇ ಭೇಟಿಯನ್ನು ವರ್ಣಿಸುತ್ತಾರೆ.

ಪಶ್ಚಿಮದವರ ಅಳತೆಗೋಲು ಬೇರೆ. 1648ರ ವೆಸ್ಟ್‌ಫೇಲಿಯಾ ಒಡಂಬಡಿಕೆಯಿಂದೀಚೆಗೆ ಯೂರೋಪಿನಲ್ಲಿ ಬೆಳೆದ ಭಾವನೆ ಇದು: ರಾಜ್ಯಗಳೆಲ್ಲ ಪದವಿಯಲ್ಲಿ ಸಮಾನ, ಅವುಗಳ ನಡುವೆ ನಕ್ಷೆಯ ಮೇಲೆ ಒಂದು ಗೆರೆಯುಂಟು, ಗೆರೆಯ ಒಳಗೆ ಒಬ್ಬನದೇ ಸಾರ್ವಭೌಮತ್ವ. 1793ರಲ್ಲಿ ಆಂಗ್ಲ ರಾಯಭಾರಿ ಮೆಕಾರ್ಟ್ನಿಯು ಚಿಯೆನ್‌ಲುಂಗ್ ಚಕ್ರವರ್ತಿಯ ಬಳಿಗೆ ಹೋದಾಗ ಈ ಎರಡು ದೃಷ್ಟಿಗಳು ಎದುರುಬದುರಾದವು. ಅವನು ತಂದ ಕಾಣಿಕೆಗಳನ್ನು ಚೀನೀಯರು ಕಪ್ಪವೆಂದು ಬಗೆದರು. ಹಣೆಯನ್ನು ನೆಲಕ್ಕೆ ಮುಟ್ಟಿಸಿ ಒಂಬತ್ತು ಬಾರಿ ನಮಸ್ಕರಿಸಲು ಅವನು ಒಪ್ಪದೆ, ಒಂದೇ ಮೊಣಕಾಲನ್ನು ಊರಿದನು. ಮುಂದೆ ಆಂಗ್ಲೇಯರು, ಭಾರತದಲ್ಲಿ ಬೆಳೆದ ಅಫೀಮಿನ ವ್ಯಾಪಾರಕ್ಕಾಗಿ, 1839ರಿಂದ 1842ರ ವರೆಗೆ ಯುದ್ಧ ಮಾಡಿ ಹಾಂಗ್‌ಕಾಂಗ್ ದ್ವೀಪವನ್ನು ಕಸಿದುಕೊಂಡರು. ಸಮಾನತೆಯ ಮಾತನ್ನಾಡಿದವರೇ ಅಸಮಾನವಾದ ಒಡಂಬಡಿಕೆಗಳನ್ನು ಹೇರಿದರು. ಆ ಅಪಮಾನವು ಚೀನೀಯರಿಗೆ ಇಂದಿಗೂ ಮರೆತಿಲ್ಲ.

ಆ ಪೆಟ್ಟಿನಿಂದ ಚೀನಾ ಕಲಿತ ಪಾಠವು ಗಮನಾರ್ಹವಾದುದು. ಪಶ್ಚಿಮದವರ ಸಾರ್ವಭೌಮತ್ವವೆಂಬ ಮಾತನ್ನೇ ಅದು ತನ್ನದಾಗಿ ಮಾಡಿಕೊಂಡು, ಗೆರೆಯಿಲ್ಲದ ಹಳೆಯ ಸಂಬಂಧಗಳ ಮೇಲೆ ಹೊಸ ಗೆರೆಯನ್ನೆಳೆಯಿತು. 1914ರ ಸಿಮ್ಲಾ ಸಮ್ಮೇಳನದಲ್ಲಿ ಆಂಗ್ಲೇಯರು ಟಿಬೆಟ್ಟಿನ ಮೇಲೆ ಚೀನಾಕ್ಕೆ ಅಧಿರಾಜತ್ವವಿದೆಯೆಂದೂ, ಆಡಳಿತದಲ್ಲಿ ಟಿಬೆಟ್ಟು ಸ್ವತಂತ್ರವೆಂದೂ ಅರ್ಧ ಮಾತನ್ನು ಬರೆದರು. ಚೀನಾ ಸರ್ಕಾರವು ಅದಕ್ಕೆ ಸಮ್ಮತಿಸಲಿಲ್ಲ. 1950ರಲ್ಲಿ ಚೀನಾದ ಸೈನ್ಯವು ಟಿಬೆಟ್ಟನ್ನು ಹೊಕ್ಕಿತು. 1954ರ ಏಪ್ರಿಲ್ 29ರಂದು ಭಾರತವು ಚೀನಾದೊಡನೆ ಮಾಡಿಕೊಂಡ ಒಡಂಬಡಿಕೆಯಲ್ಲಿ ಪಂಚಶೀಲದ ಐದು ತತ್ತ್ವಗಳಿದ್ದವು. ಅದರ ಶಿರೋನಾಮೆಯಲ್ಲಿಯೇ “ಚೀನಾದ ಟಿಬೆಟ್ ಪ್ರದೇಶ” ಎಂಬ ಮಾತೂ ಇದ್ದಿತು. 1959ರ ಮಾರ್ಚಿಯಲ್ಲಿ ಲಾಸಾದಲ್ಲಿ ದಂಗೆಯೆದ್ದು, ದಲಾಯಿ ಲಾಮಾ ಭಾರತಕ್ಕೆ ಬಂದರು; ಸಹಸ್ರಾರು ಜನರು ಹಿಂಬಾಲಿಸಿದರು. 1962ರ ಅಕ್ಟೋಬರಿನಲ್ಲಿ ಚೀನಾ ಮತ್ತು ಭಾರತಗಳ ನಡುವೆ ಯುದ್ಧವೇ ನಡೆಯಿತು.

ಆ ನಿರಾಶ್ರಿತರಲ್ಲಿ ಅನೇಕರು ಬಂದು ನೆಲೆಸಿದುದು ನಮ್ಮ ನಾಡಿನಲ್ಲಿಯೇ. ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. 1961ರಲ್ಲಿ ಅಲ್ಲಿ ಮೊದಲ ನೆಲಸುನಾಡು ಏರ್ಪಟ್ಟಿತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿಯೂ, ಅನಂತರ ಹುಣಸೂರು ಮತ್ತು ಕೊಳ್ಳೇಗಾಲದ ಕಡೆಗಳಲ್ಲಿಯೂ ಇಂತಹ ನೆಲೆಗಳಾದವು. ಹಿಮದ ನಾಡಿನ ಜನರು ಕಾಡು ಕಡಿದು, ಮುಸುಕಿನ ಜೋಳ ಬಿತ್ತಿ, ಲಾಸಾದ ಸಮೀಪದ ಸೇರಾ ಮಠವನ್ನು ಬೈಲುಕುಪ್ಪೆಯಲ್ಲಿಯೂ, ಡ್ರೆಪುಂಗ್ ಮತ್ತು ಗಂದೆನ್ ಮಠಗಳನ್ನು ಮುಂಡಗೋಡಿನಲ್ಲಿಯೂ ಹೊಸದಾಗಿ ಕಟ್ಟಿದರು. ರಾಜತಂತ್ರಜ್ಞರು ಕಾಗದದ ಮೇಲೆ ತೂಗಿದ ಒಂದೊಂದು ಪದಕ್ಕೂ ಎಷ್ಟು ಮನೆಗಳು ಕದಲಿದುವೆಂಬುದನ್ನು ಅಲ್ಲಿ ಕಾಣಬಹುದು.

ಈ ವಿವಾದವು ಮುಗಿದಿಲ್ಲ. ದಲಾಯಿ ಲಾಮಾ ಅವರ ಉತ್ತರಾಧಿಕಾರಿಯನ್ನು ಗೊತ್ತುಪಡಿಸುವವರು ಯಾರು? 1793ರಲ್ಲಿ ಚಿಯೆನ್‌ಲುಂಗನು ಬಂಗಾರದ ಕಲಶದಿಂದ ಚೀಟಿಯನ್ನೆತ್ತುವ ಪದ್ಧತಿಯನ್ನು ವಿಧಿಸಿದನೆಂಬುದನ್ನು ಚೀನಾ ಆಧಾರವಾಗಿ ತೋರಿಸುತ್ತದೆ. ಪುನರವತಾರಗಳಿಗೆ ಸರ್ಕಾರದ ಅನುಮತಿ ಬೇಕೆಂದು 2007ರಲ್ಲಿ ಅದು ನಿಯಮವನ್ನೂ ಮಾಡಿತು. ಆ ಅಧಿಕಾರವು ತಮ್ಮ ಧರ್ಮಸಂಸ್ಥೆಗೆ ಮಾತ್ರ ಸೇರಿದುದೆಂದು ದಲಾಯಿ ಲಾಮಾ 2025ರ ಜುಲೈಯಲ್ಲಿ ಸಾರಿದರು. 2015ರ ಜನವರಿಯಲ್ಲಿ ಶೃಂಗೇರಿಯ ಗುರುಗಳು ತಾವೇ ಶಿಷ್ಯರನ್ನು ಆರಿಸಿ ಸನ್ಯಾಸ ಕೊಟ್ಟುದನ್ನು ಕಂಡ ನಮ್ಮ ಜನರಿಗೆ ಈ ಪ್ರಶ್ನೆಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಇದನ್ನು ಪೂರ್ವಕ್ಕೂ ಪಶ್ಚಿಮಕ್ಕೂ ನಡೆದ ಜಗಳವೆಂದಷ್ಟೇ ತಿಳಿಯುವುದು ಸಾಲದು. ಪೀಕಿಂಗೂ ಲಾಸಾವೂ ಎರಡೂ ಪೂರ್ವದವೇ. ಆದರೂ ಪೀಕಿಂಗಿನವರು ಇಂದು ಆಡುವ ಸಾರ್ವಭೌಮತ್ವದ ಮಾತು ಹುಟ್ಟಿದುದು ಯೂರೋಪಿನಲ್ಲಿ. ಚೀನಾ ಅನುಭವಿಸಿದ ಅಪಮಾನವು ಸತ್ಯ. ಬೈಲುಕುಪ್ಪೆಯವರು ಕಳೆದುಕೊಂಡ ನಾಡೂ ಸತ್ಯ. ಒಂದನ್ನು ಒಪ್ಪಿದ ಮಾತ್ರಕ್ಕೆ ಇನ್ನೊಂದನ್ನು ಅಲ್ಲಗಳೆಯಬೇಕಾಗಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳಿಗೆ ಭೂಪಟವನ್ನು ತೋರಿಸುವಾಗ, ಗೆರೆಗಳ ಹೆಸರುಗಳೊಡನೆ ಆ ಗೆರೆಗಳನ್ನು ಎಳೆದವರಾರು, ಅವುಗಳ ಈಚೆಗೂ ಆಚೆಗೂ ಬಾಳಿದವರಾರು ಎಂಬುದನ್ನೂ ಹೇಳಿಕೊಡುವರೆಂದು ನಂಬುತ್ತೇವೆ.